ಗೆಜೀಬೊದಲ್ಲಿ ನೆಟ್ಟಗೆ ಓಡುವ ರೋಬೋ ದ್ರಾಕ್ಷಿ ಸಾಲಿನಲ್ಲಿ ಓಲಾಡುತ್ತಿದೆ: ಕಾರಣ ಎರೆ ಮಣ್ಣೋ, ಕಂಟ್ರೋಲರೋ?

ದ್ರಾಕ್ಷಿಸಾಲು, ವಿಜಯಪುರ

ದ್ರಾಕ್ಷಿ ತೋಟದ ಸಾಲುಗಳ ನಡುವೆ ತಾನೇ ಓಡುವ ನಾಲ್ಕು ಚಕ್ರದ ಸ್ಕಿಡ್‌ಸ್ಟಿಯರ್ (ಎಡ, ಬಲ ಚಕ್ರಗಳ ವೇಗದ ವ್ಯತ್ಯಾಸದಿಂದಲೇ ತಿರುಗುವ) ರೋಬೋ ಮೇಲೆ ಎಂ.ಟೆಕ್ ಪ್ರಾಜೆಕ್ಟ್ ನಡೆದಿದೆ. ತೋಟ ತಿಕೋಟಾ ಕಡೆಯದು. ಎರೆ ಮಣ್ಣು, ಸಾಲಿನಿಂದ ಸಾಲಿಗೆ 9 ಅಡಿ, ಗಿಡದಿಂದ ಗಿಡಕ್ಕೆ 5 ಅಡಿ.

ರೋಬೋ ತೂಕ 28 ಕೆಜಿ. ಚಕ್ರದ ತ್ರಿಜ್ಯ 10 ಸೆಂ.ಮೀ., ಮುಂದಿನ ಮತ್ತು ಹಿಂದಿನ ಅಚ್ಚಿನ ನಡುವೆ 40 ಸೆಂ.ಮೀ., ಎಡ ಮತ್ತು ಬಲ ಚಕ್ರದ ನಡುವೆ 50 ಸೆಂ.ಮೀ. ಪ್ರತಿ ಚಕ್ರಕ್ಕೂ ಎನ್‌ಕೋಡರ್ ಇರುವ 24 ವೋಲ್ಟ್ ಗೇರ್ ಮೋಟಾರ್, ರೇಟೆಡ್ ಟಾರ್ಕ್ 25 ಕೆಜಿ-ಸೆಂ.ಮೀ. ಮೇಲೆ ಮುಖ್ಯ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4, ಕೆಳಗೆ ಇಎಸ್‌ಪಿ32 ಮೈಕ್ರೋಕಂಟ್ರೋಲರ್. ಸೆನ್ಸರ್‌ಗಳು ಲೇಸರ್ ಸುತ್ತಿಸಿ ದೂರ ಅಳೆಯುವ ಆರ್‌ಪಿಲೈಡಾರ್ ಎ1 ಮತ್ತು ಗೈರೋ (ತಿರುಗುವೇಗ ಅಳೆಯುವ ಭಾಗ) ಇರುವ ಬಿಎನ್‌ಒ055. ಎರಡೂ ಪೈಗೆ ಜೋಡಿಸಿವೆ. ಸಾಫ್ಟ್‌ವೇರ್: ರೋಬೋ ನಡೆಸಲು ರಾಸ್ 2 ಹಂಬಲ್, ಸಿಮ್ಯುಲೇಶನ್‌ಗೆ ಗೆಜೀಬೊ 11.

ಲೈಡಾರ್ ಸ್ಕ್ಯಾನ್‌ನಿಂದ ಎರಡೂ ಬದಿಯ ಕಾಂಡಗಳಿಗೆ ಗೆರೆ ಹೊಂದಿಸಿ ನಡುಗೆರೆ ತೆಗೆಯುತ್ತೇನೆ. ಮೂರು ಸ್ಕ್ಯಾನ್‌ಗಳ ಮೀಡಿಯನ್ (ಮಧ್ಯದ ಬೆಲೆ) ತೆಗೆದು, ಗೆರೆಯ ಮೇಲೆ ಮುಂದಿರುವ ಒಂದು ಬಿಂದುವಿನತ್ತ ತಿರುಗಿಸುವ ಪ್ಯೂರ್ ಪರ್ಸ್ಯೂಟ್ ಕಂಟ್ರೋಲರ್‌ಗೆ ಕೊಡುತ್ತೇನೆ. ಲುಕ್‌ಅಹೆಡ್ (ಆ ಬಿಂದುವಿಗಿರುವ ದೂರ) 0.5 ಮೀ., ವೇಗ ಸೆಕೆಂಡಿಗೆ 0.6 ಮೀ., ತಿರುಗುವೇಗದ ಮಿತಿ ಸೆಕೆಂಡಿಗೆ 0.5 ರೇಡಿಯನ್. ಜಾರುವಿಕೆಗೆ ಸರಿಹೊಂದಿಸಲು ಎಡಬಲ ಅಂತರಕ್ಕೆ ಗುಣಿಸುವ ವೀಲ್ ಸೆಪರೇಶನ್ ಮಲ್ಟಿಪ್ಲೈಯರ್ ಹೊಲದಲ್ಲೇ ಅಳೆದು 1.6 ಇಟ್ಟಿದ್ದೇನೆ.

ಸಿಮ್ಯುಲೇಶನ್‌ನಲ್ಲಿ ಗೆರೆ ಹಿಡಿದಂತೆ ಓಡುತ್ತದೆ. ಹೊಲದಲ್ಲಿ ಎಡಕ್ಕೂ ಬಲಕ್ಕೂ ಸುಮಾರು 6 ಸೆಂ.ಮೀ. ಓಲಾಡುತ್ತದೆ. ಒಂದು ಸುತ್ತಿಗೆ 2.5ರಿಂದ 2.6 ಸೆಕೆಂಡ್. ಓಲಾಟ ಬೆಳೆಯುವುದೂ ಇಲ್ಲ, ನಿಲ್ಲುವುದೂ ಇಲ್ಲ. ಗೆಜೀಬೊದಲ್ಲಿ ಘರ್ಷಣೆಯ ಮ್ಯೂ ಬೆಲೆಯನ್ನು 0.3ರಿಂದ 1.0ರವರೆಗೆ ಬದಲಿಸಿ ನೋಡಿದರೂ ಈ ಓಲಾಟ ಕಾಣಿಸುವುದಿಲ್ಲ. 49 ನಿಯಮಗಳ ಫಜ್ಜಿ ಕಂಟ್ರೋಲರ್ (‘ಹೀಗಿದ್ದರೆ ಹೀಗೆ ಮಾಡು’ ಎಂಬ ನಿಯಮಗಳದು) ಹಾಕಿದರೆ ಸಿಮ್ಯುಲೇಶನ್‌ನಲ್ಲಿ ಇನ್ನೂ ಚೆನ್ನ, ಹೊಲದಲ್ಲಿ ಅದೇ ಓಲಾಟ. ಜೊತೆಗೆ, ಸಾಲು ಮುಗಿದಲ್ಲಿ ನಿಂತಲ್ಲೇ ತಿರುಗಲು ಹೇಳಿದರೆ ಮೋಟಾರ್ ಡ್ರೈವರ್ ಓವರ್‌ಕರೆಂಟ್‌ನಲ್ಲಿ ಕಟ್ ಆಗುತ್ತದೆ.

ಮಣ್ಣಿನ ಮಾದರಿಯನ್ನು ಇನ್ನೂ ಸೂಕ್ಷ್ಮವಾಗಿ ಕಟ್ಟಬೇಕೇ, ಅಥವಾ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ (ಪ್ರಯತ್ನಿಸುತ್ತ ತಾನೇ ಕಲಿಯುವ ವಿಧಾನ) ಕಡೆ ಹೋಗಬೇಕೇ?

---

ಫೇಸ್‌ಮಾರ್ಜಿನ್, ಬೆಳಗಾವಿ

ಎರಡೂ ಬೇಡ. ಓಲಾಟದ ಮಟ್ಟಿಗೆ ಮಣ್ಣನ್ನು ಸದ್ಯಕ್ಕೆ ಬದಿಗಿಡಿ. ನೀವು ಕೊಟ್ಟ ಅಂಕಿಗಳಲ್ಲೇ ಉತ್ತರವಿದೆ: ಲೂಪಿನ (ಅಳತೆಯಿಂದ ಚಕ್ರದವರೆಗಿನ ಸುತ್ತಿನ) ಒಟ್ಟು ವಿಳಂಬ ನಿಮ್ಮ ಲುಕ್‌ಅಹೆಡ್ ತಡೆದುಕೊಳ್ಳುವಷ್ಟಕ್ಕಿಂತ ಹೆಚ್ಚಿದೆ.

ನೇರ ಸಾಲಿನಲ್ಲಿ, ಸಣ್ಣ ಕೋನಗಳಿಗೆ ಪ್ಯೂರ್ ಪರ್ಸ್ಯೂಟ್ ಎಂಬುದು ಒಂದು ಎರಡನೇ ದರ್ಜೆಯ ವ್ಯವಸ್ಥೆ. ಅದರ ಡ್ಯಾಂಪಿಂಗ್ ಅನುಪಾತ (ಓಲಾಟ ಎಷ್ಟು ಬೇಗ ತಣಿಯುತ್ತದೆ ಎಂಬ ಅಳತೆ) ಯಾವಾಗಲೂ 0.707; ಲುಕ್‌ಅಹೆಡ್ ಎಷ್ಟಿದ್ದರೂ ಅದು ಬದಲಾಗದು. ಆದ್ದರಿಂದಲೇ ವಿಳಂಬವಿಲ್ಲದ ಸಿಮ್ಯುಲೇಶನ್‌ನಲ್ಲಿ 0.5 ಮೀ. ಇಟ್ಟರೂ, 0.2 ಮೀ. ಇಟ್ಟರೂ ಅಂದವಾಗಿಯೇ ಓಡುತ್ತದೆ. ವಿಳಂಬ ಸೇರಿಸಿ ಲೆಕ್ಕ ಹಾಕಿದರೆ ಚಿತ್ರ ಬೇರೆ. ಈ ಲೂಪಿನ ಕ್ರಾಸ್‌ಓವರ್ ಆವೃತ್ತಿ (ಲೂಪ್ ಗೇನ್ 1 ಆಗುವ ಆವೃತ್ತಿ) 2.2 × ವೇಗ ÷ ಲುಕ್‌ಅಹೆಡ್, ಫೇಸ್ ಮಾರ್ಜಿನ್ (ಅಸ್ಥಿರವಾಗುವ ಮೊದಲು ಕೈಯಲ್ಲಿ ಉಳಿದಿರುವ ಫೇಸ್) 65.5 ಡಿಗ್ರಿ. ಈ ಮಾರ್ಜಿನ್ ಪೂರ್ತಿ ಖರ್ಚಾಗುವ ವಿಳಂಬ 0.52 × ಲುಕ್‌ಅಹೆಡ್ ÷ ವೇಗ. ನಿಮ್ಮಲ್ಲಿ ಅದು 0.52 × 0.5 ÷ 0.6, ಅಂದರೆ 0.43 ಸೆಕೆಂಡ್. ಇದು ಸ್ಥಿರತೆಯ ಅಂಚು.

ಈಗ ನಿಮ್ಮ ವಿಳಂಬ ಕೂಡಿಸಿ. ಎ1 ಸಾಮಾನ್ಯವಾಗಿ 5.5 ಹರ್ಟ್ಸ್‌ನಲ್ಲಿ ಸುತ್ತುತ್ತದೆ, ಒಂದು ಸ್ಕ್ಯಾನ್‌ಗೆ 0.18 ಸೆಕೆಂಡ್. ಸ್ಕ್ಯಾನ್ ಮುಗಿಯುವ ಹೊತ್ತಿಗೆ ಅದರ ಬಿಂದುಗಳ ಸರಾಸರಿ ವಯಸ್ಸು 0.09. ಮೂರರ ಮೀಡಿಯನ್ ಒಂದು ಸ್ಕ್ಯಾನ್‌ನಷ್ಟು ಹಿಂದೆ ಉಳಿಯುತ್ತದೆ, 0.18. ಮುಂದಿನ ಸ್ಕ್ಯಾನ್ ಬರುವವರೆಗೆ ಹಳೆಯ ಕಮಾಂಡನ್ನೇ ಹಿಡಿದಿಡುವುದರಿಂದ ಸರಾಸರಿ 0.09. ಮೋಟಾರು, ಗೇರು, ಸೀರಿಯಲ್ ಸಂವಹನ ಸೇರಿ ಇಂಥ ರೋಬೋದಲ್ಲಿ 0.10 ಎಂದು ಹಿಡಿಯೋಣ. ಒಟ್ಟು 0.46. ಅಂಚು ದಾಟಿದೆ.

ಆ ವಿಳಂಬಕ್ಕೆ ಓಲಾಟದ ಆವೃತ್ತಿ ಸೆಕೆಂಡಿಗೆ 2.4 ರೇಡಿಯನ್ ಬರುತ್ತದೆ, ಅವಧಿ 2.6 ಸೆಕೆಂಡ್. ನೀವು ಅಳೆದದ್ದೂ ಅಷ್ಟೇ. ಓಲಾಟ ಬೆಳೆಯದೆ 6 ಸೆಂ.ಮೀ.ಗೆ ನಿಂತಿರುವುದಕ್ಕೆ ಕಾರಣ ನೀವಿಟ್ಟ ತಿರುಗುವೇಗದ ಮಿತಿ. ಮಿತಿಗೆ ತಗುಲಿದಾಗ ಗೇನ್ ಪರಿಣಾಮದಲ್ಲಿ ಕುಗ್ಗುತ್ತದೆ, ಅಲ್ಲಿಗೆ ಲಿಮಿಟ್ ಸೈಕಲ್ (ಬೆಳೆಯದ, ನಿಲ್ಲದ ಓಲಾಟ) ಕೂರುತ್ತದೆ. ಇಂಥ ಮಿತಿಯನ್ನು ಕುಗ್ಗಿದ ಗೇನ್ ಆಗಿ ಹಿಡಿಯುವ ಡಿಸ್ಕ್ರೈಬಿಂಗ್ ಫಂಕ್ಷನ್ ಲೆಕ್ಕದಲ್ಲೂ ಸುಮಾರು 6 ಸೆಂ.ಮೀ. ಸಿಗುತ್ತದೆ. ಅವಧಿ, ಅಗಲ ಎರಡೂ ಕೂಡಿಬಂದಿರುವಾಗ ಬೇರೆ ಕಾರಣದ ಹಿಂದೆ ಹೋಗುವುದು ಸಮಯದ ನಷ್ಟ.

ಪರೀಕ್ಷೆ ಸುಲಭ. ಬೇರೇನನ್ನೂ ಮುಟ್ಟದೆ ವೇಗವನ್ನು 0.3ಕ್ಕೆ ಇಳಿಸಿ. ಆಗ ಅಂಚು 0.87 ಸೆಕೆಂಡಿಗೆ ಏರುತ್ತದೆ, ಓಲಾಟ ಒಂದೆರಡು ಸುತ್ತಿನಲ್ಲಿ ಸಾಯಬೇಕು. ವೇಗ 0.6ರಲ್ಲೇ ಇಟ್ಟು ಲುಕ್‌ಅಹೆಡ್ 1.0 ಮಾಡಿದರೂ ಅದೇ ಫಲ, ಏಕೆಂದರೆ ಅನುಪಾತ ಒಂದೇ. ಮಣ್ಣೇ ಕಾರಣವಾಗಿದ್ದರೆ ಹೀಗೆ ಆಗದು.

45 ಡಿಗ್ರಿ ಮಾರ್ಜಿನ್ ಬೇಕಿದ್ದರೆ ಲುಕ್‌ಅಹೆಡ್ ಕನಿಷ್ಠ 6.1 × ವೇಗ × ವಿಳಂಬ ಇರಬೇಕು. ಈಗಿನ ವಿಳಂಬಕ್ಕೆ ಅದು 1.7 ಮೀ. ಆದರೆ ಪಕ್ಕಕ್ಕೆ ಸರಿದ ರೋಬೋ ನಡುಗೆರೆಗೆ ಮರಳಿ ನೆಲೆಗೊಳ್ಳಲು ಲುಕ್‌ಅಹೆಡ್‌ನ ಸುಮಾರು ನಾಲ್ಕು ಪಟ್ಟು ದೂರ ಬೇಕು, ಅಂದರೆ 6.8 ಮೀ. ಸಾಲಿನ ಪ್ರವೇಶದಲ್ಲಿ ಇದು ತೀರಾ ನಿಧಾನ. ಆದ್ದರಿಂದ ವಿಳಂಬವನ್ನೇ ಕಡಿಮೆ ಮಾಡುವುದು ಸರಿಯಾದ ದಾರಿ.

ಮೀಡಿಯನ್ ತೆಗೆದುಹಾಕಿ, ಒಂದೇ ಸ್ಕ್ಯಾನ್‌ನೊಳಗೆ ದಾರಿತಪ್ಪಿದ ಬಿಂದುಗಳನ್ನು ಬಿಟ್ಟು ಲೆಕ್ಕ ಹಾಕುವ ರಾನ್‌ಸ್ಯಾಕ್‌ನಿಂದ ಗೆರೆ ಹೊಂದಿಸಿ. ಹೊಂದದ ಸ್ಕ್ಯಾನ್ ಬಂದರೆ ಬಿಟ್ಟುಬಿಡಿ. ಅಳತೆಯ ಸಮಯದಿಂದ ಈ ಕ್ಷಣದವರೆಗೆ ಗೈರೋ ಓದನ್ನು ಕೂಡಿಸುತ್ತ ಕೋನವನ್ನೂ, ವೇಗ × ಕೋನವನ್ನು ಕೂಡಿಸುತ್ತ ಪಕ್ಕದ ದೂರವನ್ನೂ ಮುಂದೂಡಿ, ಕಂಟ್ರೋಲ್ 20 ಹರ್ಟ್ಸ್‌ನಲ್ಲಿ ನಡೆಸಿ. ಅರ್ಧ ಸೆಕೆಂಡಿನ ಒಂದು ಬಫರ್ ಸಾಕು. ಅಷ್ಟು ಕಡಿಮೆ ಅವಧಿಯಲ್ಲಿ ಗೈರೋ ಬಯಾಸ್ ಆಗಲಿ, ಚಕ್ರದ 15 ಶೇಕಡಾ ಜಾರುವಿಕೆಯಾಗಲಿ ಲೆಕ್ಕಕ್ಕೇ ಬರುವುದಿಲ್ಲ: ಪಕ್ಕದ ದೂರದಲ್ಲಿ ಕೆಲವೇ ಮಿಲಿಮೀಟರ್. ಆಮೇಲೆ ಉಳಿಯುವುದು ಮೋಟಾರಿನ 0.10 ಮತ್ತು ಹಿಡಿದಿಡುವ 0.025. ಲೆಕ್ಕದ ಪ್ರಕಾರ 0.46 ಮೀ. ಲುಕ್‌ಅಹೆಡ್ ಸಾಕು, ನಾನಾಗಿದ್ದರೆ 0.8 ಇಡುತ್ತೇನೆ.

ಒಂದು ಎಚ್ಚರ: ಗೆರೆ ಹೊಂದಿಸುವ ನೋಡ್ ತನ್ನ ಔಟ್‌ಪುಟ್‌ಗೆ ಆ ಕ್ಷಣದ ಸಮಯವನ್ನು ಹಾಕಿ ಕಳಿಸಿದರೆ ಅಳತೆಯ ನಿಜವಾದ ವಯಸ್ಸು ಕಳೆದುಹೋಗುತ್ತದೆ. ಸ್ಕ್ಯಾನ್‌ನ ಮೂಲ ಟೈಮ್‌ಸ್ಟ್ಯಾಂಪನ್ನೇ ಕೊನೆಯವರೆಗೆ ಹೊತ್ತು ತನ್ನಿ.

ನನ್ನ 0.10 ಅಂದಾಜು ಮಾತ್ರ, ಅದನ್ನು ಅಳೆಯಿರಿ. ರೋಬೋವನ್ನು ಹೊಲದ ಮಣ್ಣಿನ ಮೇಲೆಯೇ ಇಟ್ಟು, ಗಾಲಿ ಎತ್ತಿ ಅಲ್ಲ, 0ಯಿಂದ 0.3ಕ್ಕೆ ಸ್ಟೆಪ್ ಕೊಟ್ಟು ಎನ್‌ಕೋಡರನ್ನು 100 ಹರ್ಟ್ಸ್‌ನಲ್ಲಿ ದಾಖಲಿಸಿ. ಅಂತಿಮ ವೇಗದ 28.3 ಶೇಕಡಾ ಮತ್ತು 63.2 ಶೇಕಡಾ ಮುಟ್ಟಿದ ಸಮಯ ಗುರುತಿಸಿ. ಎರಡರ ವ್ಯತ್ಯಾಸದ ಒಂದೂವರೆ ಪಟ್ಟು ಟೈಮ್ ಕಾನ್‌ಸ್ಟಂಟ್. ಎರಡನೆಯ ಸಮಯದಿಂದ ಅದನ್ನು ಕಳೆದರೆ ಡೆಡ್ ಟೈಮ್ (ಕಮಾಂಡ್ ಬಂದರೂ ಚಕ್ರ ಅಲುಗದ ಸಮಯ). ಲೈಡಾರ್ ಸರಣಿಗೆ ಬೇರೆ ಅಳತೆ: ಸಾಲಿನ ನಡುವೆ ರೋಬೋವನ್ನು 0.3 ಹರ್ಟ್ಸ್‌ನಲ್ಲಿ ಒಂದು ನಿಮಿಷ ಎಡ ಬಲ ತಿರುಗಿಸಿ, ಗೈರೋ ಕೂಡಿಸಿ ಬಂದ ಕೋನ ಮತ್ತು ಲೈಡಾರ್ ಕೋನ ಎರಡನ್ನೂ 100 ಹರ್ಟ್ಸ್‌ಗೆ ತಂದು ಕ್ರಾಸ್ ಕೋರಿಲೇಶನ್ ಮಾಡಿ (ಒಂದನ್ನು ಸರಿಸುತ್ತ ಇನ್ನೊಂದಕ್ಕೆ ಹೋಲಿಸಿ). ಶಿಖರ ಎಷ್ಟು ಸರಿದಿದೆಯೋ ಅಷ್ಟು ವಿಳಂಬ. ಲೈಡಾರ್ ಕೋನವನ್ನು ಡಿಫರೆನ್ಶಿಯೇಟ್ ಮಾಡಲು ಹೋಗಬೇಡಿ, ನಾಯ್ಸ್‌ನಲ್ಲಿ ಶಿಖರ ಮುಳುಗುತ್ತದೆ.

---

ಉದ್ಯಮಬಾಗ್ ಗೇರು, ಬೆಳಗಾವಿ

ಓಲಾಟದ ಮಾತು ಮ್ಯಾಲಿನವರು ಬಿಡಿಸಿ ಹೇಳ್ಯಾರ. ನಾನು ತಿರುಗುವ ಟಾರ್ಕ್ ಬಗ್ಗೆ ಹೇಳ್ತೀನ್ರಿ, ಅದು ಪೂರಾ ಮೆಕ್ಯಾನಿಕಲ್ ತೊಂದರಿ.

ನಿಂತಲ್ಲೇ ತಿರುಗಬೇಕಂದ್ರ ನಾಲ್ಕೂ ಗಾಲಿ ಅಡ್ಡಡ್ಡ ಜಾರಬೇಕು. ಅದಕ್ಕ ಮಣ್ಣು ಕೊಡೋ ಪ್ರತಿರೋಧ, ಮ್ಯೂ × ಭಾರ × ಅಚ್ಚಿನ ಅಂತರ ÷ 2. ನಿಮ್ಮ ಭಾರ 28 × 9.81, ಅಂದ್ರ 275 ನ್ಯೂಟನ್. ಮ್ಯೂ 0.7 ಹಿಡಿದ್ರ 38.5 ನ್ಯೂಟನ್-ಮೀಟರ್. ಎಡಬಲ ಅಂತರ 0.5 ಮೀಟರ್ ಐತಿ, ಹಂಗಾದ್ರ ಒಂದೊಂದು ಬದಿಗೆ 77 ನ್ಯೂಟನ್, ಒಂದೊಂದು ಗಾಲಿಗೆ 38.5. ತ್ರಿಜ್ಯ 0.1 ಗುಣಿಸಿದ್ರ ಗಾಲಿಗೆ 3.85 ನ್ಯೂಟನ್-ಮೀಟರ್, ಅಂದ್ರ 39 ಕೆಜಿ-ಸೆಂ.ಮೀ. ನಿಮ್ಮ ಮೋಟಾರ್ ರೇಟಿಂಗ್ 25. ಸ್ಟಾಲ್ ಕಡೆ (ತಿರುಗದ ನಿಂತುಬಿಡೂ ಕಡೆ) ಹೋಗಿ ಕರೆಂಟ್ ಎಳೀತೈತಿ, ಡ್ರೈವರ್ ಕಟ್ ಆಗ್ತೈತಿ. ಡ್ರೈವರ್‌ದು ತಪ್ಪಿಲ್ಲ. ಇದು ಗಟ್ಟಿ ನೆಲದ ಲೆಕ್ಕ. ಉತ್ತಿದ ಎರ್ಯಾಗ ಗಾಲಿ ಹುಗಿದು ಅಡ್ಡ ಮಣ್ಣು ತಳ್ಳಬೇಕಾಗ್ತೈತಿ, ಇನ್ನೂ ಹೆಚ್ಚಿಗಿ ಬೇಕು.

ನಿಮ್ಮ ಅಚ್ಚಿನ ಅಂತರ ಎಡಬಲ ಅಂತರಕ್ಕಿಂತ ಕಡಿಮಿ ಐತಿ, ಅದು ಚಲೋ. ಅದು ಉಲ್ಟಾ ಇದ್ದಿದ್ರ ಎಷ್ಟು ದೊಡ್ಡ ಮೋಟಾರ್ ಹಾಕಿದ್ರೂ ಗಾಲಿ ತಿರುಗತಿದ್ವು, ರೋಬೋ ಸಲೀಸ ತಿರುಗತಿರಲಿಲ್ಲ, ಯಾಕಂದ್ರ ನೆಲದ ಹಿಡಿತಾನೇ ಸಾಲೂದಿಲ್ಲ.

ಮೋಟಾರ್ ಬದಲಿಸೂದಾದ್ರ ರೇಟೆಡ್ 60 ಕೆಜಿ-ಸೆಂ.ಮೀ. ಮ್ಯಾಲಿನದು ನೋಡ್ರಿ. 0.6 ಮೀಟರ್ ವೇಗಕ್ಕ ಗಾಲಿ ನಿಮಿಷಕ್ಕ 57 ಸುತ್ತು ತಿರುಗಿದ್ರ ಸಾಕು, ಆರ್‌ಪಿಎಂ ಹೆಚ್ಚಿಗಿ ಇರೋ ಗೇರ್‌ಬಾಕ್ಸ್ ಕೊಂಡಿದ್ರ ಅದೇ ಮೋಟಾರಿಗೆ ದೊಡ್ಡ ಅನುಪಾತದ ಗೇರ್‌ಬಾಕ್ಸ್ ಹಾಕಿದ್ರೂ ನಡೀತೈತಿ. ಬದಲಿಸೂದು ಬ್ಯಾಡಂದ್ರ ನಿಂತಲ್ಲೇ ತಿರುಗೂದು ಬಿಡ್ರಿ. ಸಾಲಿನ ತುದಿಗೆ ಅರ್ಧ ವೃತ್ತ ಹೊಡಿಸ್ರಿ: 9 ಅಡಿ ಸಾಲಿಗೆ ತ್ರಿಜ್ಯ 1.37 ಮೀಟರ್. ನಿಮ್ಮ ಪರಿಣಾಮಿ ಅಂತರ 0.8 ಮೀಟರ್, ಅಂದ್ರ ಒಳಗಿನ ಗಾಲಿ 0.71 ಪಟ್ಟು, ಹೊರಗಿನದು 1.29 ಪಟ್ಟು ವೇಗ. ತ್ರಿಜ್ಯ ಹೆಚ್ಚಾದಂಗ ತಿರುಗುವ ಪ್ರತಿರೋಧ ಇಳೀತೈತಿ.

ಆ 1.6 ಅನ್ನೋ ಮಲ್ಟಿಪ್ಲೈಯರ್ ಕಾಯಂ ಅಂತ ನಂಬಬ್ಯಾಡ್ರಿ. ಡ್ರಿಪ್ ಬಿಟ್ಟ ಮರುದಿನದ ಹಸಿ ನೆಲಕ್ಕೂ, ಬಿರುಕು ಬಿಟ್ಟ ಬ್ಯಾಸಿಗಿ ನೆಲಕ್ಕೂ ಅದು ಬ್ಯಾರೆ ಬ್ಯಾರೆ. ನಿಜವಾದದ್ದು 1.4 ಇದ್ದಾಗ 1.6 ಇಟ್ಟಿದ್ರ ಲೂಪ್ ಗೇನ್ 14 ಶೇಕಡಾ ಏರ್ತೈತಿ. ಚೊಲೋ ಉಪಾಯ ಅಂದ್ರ ಗೈರೋ ಓದಿ ತಿರುಗುವೇಗದ ಒಂದು ಒಳ ಲೂಪ್ ಇಎಸ್‌ಪಿ32 ಒಳಗ 100 ಹರ್ಟ್ಸ್‌ಗೆ ಓಡಿಸೂದು. ಅದಕ್ಕಂತ ಬಿಎನ್‌ಒ055 ಪೈ ಕಡಿಂದ ತಗದು ಇಎಸ್‌ಪಿ32ಗೆ ಹಾಕ್ರಿ. ಪೈ ಐ-ಸ್ಕ್ವೇರ್-ಸಿ ಬಸ್‌ಗೂ ಆ ಚಿಪ್ಪು ಬಸ್ ಕಾಯಿಸೋ ಕ್ಲಾಕ್ ಸ್ಟ್ರೆಚಿಂಗ್‌ಗೂ ಕೂಡಿಬರೂದಿಲ್ಲ, ನಡುನಡುವ ಕೆಟ್ಟ ಓದು ಬರ್ತಾವ. ಮೋಟಾರ್ ಬಾಜೂಕ ಇರೋದರಿಂದ ಮ್ಯಾಗ್ನೆಟೋಮೀಟರ್ ಬಂದ್ ಇಡ್ರಿ, ಐಎಂಯು ಮೋಡ್ ಸಾಕು.

ಮಳಿ ಬಿದ್ದ ಮ್ಯಾಲ ಓಡಿಸಬ್ಯಾಡ್ರಿ. ಎರಿ ಗಾಲಿಗೆ ಅಂಟಿ ತ್ರಿಜ್ಯ ಒಂದು ಸೆಂ.ಮೀ. ಹೆಚ್ಚಾತಂದ್ರ ಎನ್‌ಕೋಡರ್ ದೂರ 9 ಶೇಕಡಾ ಕಡಿಮಿ ತೋರಸ್ತೈತಿ. ಗಾಲಿ ಹಿಂದ 5 ಮಿ.ಮೀ. ಸಂದು ಬಿಟ್ಟು ಒಂದು ಪಟ್ಟಿ ಕೂಡ್ರಿಸಿದ್ರ ಮಣ್ಣು ಕೆರೀತೈತಿ.

---

ಘಟಪ್ರಭಾ ಸಿಮ್, ಬಾಗಲಕೋಟೆ

ಸಿಮ್ಯುಲೇಶನ್ ಬಗ್ಗೆ ಹೇಳುತ್ತೇನೆ. ಮ್ಯೂ ಬದಲಿಸಿದರೆ ಓಲಾಟ ಬರದಿರುವುದು ಸಹಜ. ನಿಮ್ಮ ಗೆಜೀಬೊ ಲೋಕದಲ್ಲಿ ಸೆನ್ಸರ್, ಮೋಟಾರುಗಳ ವಿಳಂಬವೇ ಇಲ್ಲ. ಅಲ್ಲಿನ ಲೈಡಾರ್ ಇಡೀ ಸ್ಕ್ಯಾನನ್ನು ಒಂದೇ ಕ್ಷಣದಲ್ಲಿ ತೆಗೆಯುತ್ತದೆ. ನಿಜವಾದ ಎ1 ಅದನ್ನು 0.18 ಸೆಕೆಂಡ್ ಎಳೆಯುತ್ತದೆ. ರೋಬೋ ಸೆಕೆಂಡಿಗೆ 0.5 ರೇಡಿಯನ್ ತಿರುಗುತ್ತಿದ್ದರೆ ಮೊದಲ ಕಿರಣಕ್ಕೂ ಕೊನೆಯ ಕಿರಣಕ್ಕೂ 5 ಡಿಗ್ರಿ ವ್ಯತ್ಯಾಸ, 3 ಮೀ. ದೂರದ ಕಾಂಡ 27 ಸೆಂ.ಮೀ. ಸರಿದಂತೆ ಕಾಣುತ್ತದೆ. ನಿಜವಾದ ಸ್ಕ್ಯಾನ್‌ಗೆ ಗೆರೆ ಹೊಂದಿಸುವ ಮೊದಲು ಪ್ರತಿ ಕಿರಣವನ್ನೂ ಗೈರೋ ಬಳಸಿ ಹಿಂದಕ್ಕೆ ತಿರುಗಿಸಿ ಸರಿಪಡಿಸಿ.

ಸಿಮ್ಯುಲೇಶನ್‌ನಲ್ಲಿ ಲೈಡಾರ್ ಅಪ್‌ಡೇಟ್ ದರವನ್ನು 5.5ಕ್ಕೆ ಇಳಿಸಿ. ವೇಗದ ಕಮಾಂಡ್ ಮತ್ತು ಡ್ರೈವ್ ಪ್ಲಗಿನ್ ನಡುವೆ ಒಂದು ಸಣ್ಣ ನೋಡ್ ಇಡಿ: ಬಂದ ಸಂದೇಶವನ್ನು ಸಾಲಿನಲ್ಲಿ ನಿಲ್ಲಿಸಿ, ಡೆಡ್ ಟೈಮ್ ಕಳೆದ ಮೇಲೆ ಫಸ್ಟ್ ಆರ್ಡರ್ ಫಿಲ್ಟರ್ ಮೂಲಕ ಬಿಡಬೇಕು. ಲೈಡಾರ್ ಬದಿಗೂ ಸ್ಕ್ಯಾನ್ ವಯಸ್ಸಿನಷ್ಟು ತಡೆ ಹಾಕಿ. ಮೀಡಿಯನ್‌ಗೆ ಬೇರೆ ತಡೆ ಬೇಡ, ಅದು ನಿಮ್ಮ ಕೋಡಿನಲ್ಲೇ ಇದೆ. ಎಲ್ಲ ನೋಡ್‌ಗಳಲ್ಲೂ ಸಿಮ್ ಟೈಮ್ ಬಳಕೆ ಆನ್ ಇರಲಿ. ಇಲ್ಲದಿದ್ದರೆ ತಡೆ ಗಡಿಯಾರದ ಸಮಯದಲ್ಲಿ ನಡೆಯುತ್ತದೆ. ರಿಯಲ್ ಟೈಮ್ ಫ್ಯಾಕ್ಟರ್ 0.5ಕ್ಕೆ ಇಳಿದರೆ (ಸಿಮ್ಯುಲೇಶನ್ ಅರ್ಧ ವೇಗದಲ್ಲಿ ಓಡಿದರೆ) ನೀವು ಹಾಕಿದ ತಡೆ ಸಿಮ್ಯುಲೇಶನ್‌ನೊಳಗೆ ಅರ್ಧ ಮಾತ್ರ, ಓಲಾಟ ಮತ್ತೆ ಮಾಯ. ಲ್ಯಾಪ್‌ಟಾಪ್ ಬಿಸಿಯಾದಾಗೊಂದು, ತಣ್ಣಗಿದ್ದಾಗೊಂದು ಫಲಿತಾಂಶ ಬರುವುದು ಹೀಗೆಯೇ.

ಅಷ್ಟಾದ ಮೇಲೆ ಮಣ್ಣು. ಮ್ಯೂ ಇಳಿಸುವುದು ಎರೆ ಮಣ್ಣಿನ ಮಾದರಿ ಅಲ್ಲ. ಅದು ಗಾಲಿ ಯಾವಾಗ ಪೂರ್ತಿ ಜಾರುತ್ತದೆ ಎಂಬ ಗಡಿಯನ್ನಷ್ಟೇ ಬದಲಿಸುತ್ತದೆ. ಹೊಲದಲ್ಲಿ ಗಾಲಿ ಎಳೆತಕ್ಕೆ ತಕ್ಕಂತೆ ಸದಾ ಸ್ವಲ್ಪ ಜಾರುತ್ತಿರುತ್ತದೆ. ಅದಕ್ಕೆ ವೀಲ್ ಸ್ಲಿಪ್ ಪ್ಲಗಿನ್ ಇದೆ. ಅದು ಕೇಳುವ ಕಂಪ್ಲಯನ್ಸ್ ಅಂದರೆ ಜಾರುವಿಕೆಯ ಅನುಪಾತವನ್ನು ಎಳೆತ ÷ ಲಂಬ ಭಾರದಿಂದ ಭಾಗಿಸಿದ ಸಂಖ್ಯೆ. ರೋಬೋ ಹಿಂದೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆಸಿ: ಒಟ್ಟು ಎಳೆತ ಭಾರದ 0.2 ಪಟ್ಟು ಇದ್ದಾಗ 12 ಶೇಕಡಾ ಜಾರಿದರೆ ಕಂಪ್ಲಯನ್ಸ್ 0.6. ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು ಬೆಲೆ ಬೇಕು.

ಗೆಜೀಬೊ 11ಕ್ಕೆ 2025ರ ಜನವರಿಯಲ್ಲಿ ಬೆಂಬಲ ಮುಗಿದಿದೆ. ಥೀಸಿಸ್ ಸಲ್ಲಿಕೆ ಹತ್ತಿರವಿದ್ದರೆ ಈಗ ಬದಲಿಸಬೇಡಿ. ಮುಂದೆ ಬೇರೆಯವರು ಇದನ್ನು ಮುಂದುವರಿಸುವುದಾದರೆ ರಾಸ್ 2 ಜಾಝಿ ಮತ್ತು ಗೆಜೀಬೊ ಹಾರ್ಮೋನಿಕ್ ಜೋಡಿಯಲ್ಲಿ ಶುರು ಮಾಡಲಿ.

---

ದ್ರಾಕ್ಷಿಸಾಲು, ವಿಜಯಪುರ

0.3ಕ್ಕೆ ಇಳಿಸಿದಾಗ ಓಲಾಟ ಎರಡು ಸುತ್ತಿನಲ್ಲಿ ನಿಂತಿತು. ಲುಕ್‌ಅಹೆಡ್ 1.0 ಇಟ್ಟು 0.6ರಲ್ಲಿ ಓಡಿಸಿದರೂ ನಿಲ್ಲುತ್ತದೆ. ಮೋಟಾರ್ ಅಳತೆಯಲ್ಲಿ 63.2 ಶೇಕಡಾಕ್ಕೆ 0.11 ಸೆಕೆಂಡ್ ಬಂದಿದೆ, ಲೈಡಾರ್ ಸರಣಿಯದು 0.28. ಇನ್ನು ಫಜ್ಜಿ ಅಧ್ಯಾಯವನ್ನು ಏನು ಮಾಡಲಿ? ಸಿನಾಪ್ಸಿಸ್‌ನ ಶೀರ್ಷಿಕೆಯಲ್ಲೇ ಇಂಟೆಲಿಜೆಂಟ್ ಕಂಟ್ರೋಲ್ ಇದೆ.

---

ಫೇಸ್‌ಮಾರ್ಜಿನ್, ಬೆಳಗಾವಿ

ಹಿಡಿದಿಡುವ 0.09 ಸೇರಿಸಿದರೆ 0.48. ಲೆಕ್ಕ ಕೂತಿದೆ.

ದೋಷ ಮತ್ತು ದೋಷದ ಬದಲಾವಣೆ ಎರಡನ್ನೇ ಇನ್‌ಪುಟ್ ಆಗಿ ಪಡೆಯುವ ಫಜ್ಜಿ ಕಂಟ್ರೋಲರ್, ನಿಯಮ 49 ಇರಲಿ 9 ಇರಲಿ, ಒಂದು ನಾನ್‌ಲೀನಿಯರ್ ಪಿಡಿ ಅಷ್ಟೇ. ಅದಕ್ಕೆ ವಿಳಂಬದ ಅರಿವಿಲ್ಲ, ಹಾಗಾಗಿ ಹೊಲದಲ್ಲಿ ಎರಡೂ ಒಂದೇ ರೀತಿ ಓಲಾಡಿದವು. ವಿಳಂಬವನ್ನು ಮಾದರಿಯಿಂದ ಸರಿದೂಗಿಸುವ ಸ್ಮಿತ್ ಪ್ರಿಡಿಕ್ಟರ್ ಬಗ್ಗೆ ಯಾರಾದರೂ ಕೇಳುತ್ತಾರೆ, ಅದಕ್ಕೂ ಉತ್ತರ ಸಿದ್ಧವಿರಲಿ: ನಿಮ್ಮ ಪ್ಲಾಂಟ್‌ನಲ್ಲಿ (ನಿಯಂತ್ರಿಸಬೇಕಾದ ವ್ಯವಸ್ಥೆಯಲ್ಲಿ) ಎರಡು ಇಂಟಿಗ್ರೇಟರ್ ಇವೆ, ಅದರ ಮೂಲರೂಪ ಇಲ್ಲಿ ನಿರಂತರ ಅಡಚಣೆಯನ್ನು ತೊಡೆಯಲಾರದು. ಗೈರೋದಿಂದ ಸ್ಥಿತಿಯನ್ನು ಮುಂದೂಡುವುದೇ ಇಲ್ಲಿ ಸರಿ.

ಫಜ್ಜಿಗೆ ನಿಜವಾದ ಕೆಲಸ ಇರುವುದು ಲುಕ್‌ಅಹೆಡ್ ಆರಿಸುವಲ್ಲಿ. ಗೆರೆ ಎಷ್ಟು ಚೆನ್ನಾಗಿ ಹೊಂದಿದೆ ಎಂಬುದು ಒಂದು ಇನ್‌ಪುಟ್, ಎನ್‌ಕೋಡರ್ ಮತ್ತು ಗೈರೋ ಕೊಡುವ ತಿರುಗುವೇಗಗಳ ವ್ಯತ್ಯಾಸ ಇನ್ನೊಂದು. ತಲಾ ಮೂರು ಮಟ್ಟ, ಒಂಬತ್ತು ನಿಯಮ, ಔಟ್‌ಪುಟ್ 0.8ರಿಂದ 1.7 ಮೀ. ಕನಿಷ್ಠ ಗಡಿಯನ್ನು 6.1 × ವೇಗ × ವಿಳಂಬ ಸೂತ್ರ ಕಾಯಲಿ, ಫಜ್ಜಿ ಅದರ ಕೆಳಗೆ ಇಳಿಯಲಾಗದಂತೆ. ಹೋಲಿಕೆಯನ್ನು ಸ್ಥಿರ ಲುಕ್‌ಅಹೆಡ್ ಜೊತೆಗಲ್ಲ, ವೇಗಕ್ಕೆ ತಕ್ಕಂತೆ ಸರಳ ರೇಖೆಯಲ್ಲಿ ಬದಲಾಗುವ ಲುಕ್‌ಅಹೆಡ್ ಜೊತೆಗೆ ಮಾಡಿ, ಎರಡನ್ನೂ ಒಂದೇ ಶ್ರಮದಿಂದ ಟ್ಯೂನ್ ಮಾಡಿ. ಟ್ಯೂನ್ ಮಾಡದ ಪಿಐಡಿ ಎದುರು ಫಜ್ಜಿ ಗೆದ್ದಿತು ಎನ್ನುವ ಪ್ರಬಂಧಗಳು ಬೇಕಾದಷ್ಟಿವೆ, ವೈವಾದಲ್ಲಿ ಅದೇ ಮೊದಲ ಪ್ರಶ್ನೆಯಾಗುತ್ತದೆ.

ಅಳತೆಗೆ ಆರ್‌ಟಿಕೆ (ಸೆಂ.ಮೀ. ಮಟ್ಟದ ನಿಖರ ಜಿಪಿಎಸ್) ಇಲ್ಲದಿದ್ದರೂ ನಡೆಯುತ್ತದೆ. ಸಾಲಿನ ನಡುಗೆರೆಗೆ ಹುರಿ ಬಿಗಿದು, ರೋಬೋ ನಡುಭಾಗದಿಂದ ಆಲಿಕೆಯಲ್ಲಿ ಸುಣ್ಣದ ಪುಡಿ ಸುರಿಸಿ. 25 ಸೆಂ.ಮೀ.ಗೊಮ್ಮೆ ಹುರಿಯಿಂದ ಸುಣ್ಣದ ಗೆರೆಗೆ ದೂರ ಅಳೆಯಿರಿ. ನಿಮ್ಮ ಓಲಾಟದ ಒಂದು ಅಲೆ 1.5 ಮೀ. ಇದ್ದುದರಿಂದ ಅಲೆಗೆ ಆರು ಬಿಂದು ಸಿಗುತ್ತವೆ. ಮೂರು ವೇಗ, ನಾಲ್ಕು ಲುಕ್‌ಅಹೆಡ್. ಪ್ರತಿ ಜೋಡಿಗೂ ಸ್ಥಿರವೋ ಅಲ್ಲವೋ ಎಂಬುದನ್ನು ಹೊಲಕ್ಕೆ ಹೋಗುವ ಮೊದಲೇ ಸೂತ್ರದಿಂದ ಬರೆದಿಟ್ಟುಕೊಳ್ಳಿ. ಊಹಿಸಿದ ಗಡಿ, ಸಿಮ್ಯುಲೇಶನ್ ಗಡಿ, ಹೊಲದ ಗಡಿ ಮೂರನ್ನೂ ಒಂದೇ ಚಿತ್ರದಲ್ಲಿ ಹಾಕಿದರೆ ಅದು 49 ನಿಯಮಗಳ ಕೋಷ್ಟಕಕ್ಕಿಂತ ದೊಡ್ಡ ಕೊಡುಗೆ.

---

ಘಟಪ್ರಭಾ ಸಿಮ್, ಬಾಗಲಕೋಟೆ

ಲೈಡಾರ್ ಬಗ್ಗೆ ಒಂದು ಮಾತು ಉಳಿದಿತ್ತು. ಎ1 ಟ್ರಯಾಂಗ್ಯುಲೇಶನ್ (ಬೆಳಕು ಮರಳುವ ಕೋನದಿಂದ ದೂರ ಲೆಕ್ಕ ಹಾಕುವ) ಮಾದರಿಯದು, ನೇರ ಬಿಸಿಲು ಕಣ್ಣಿಗೆ ಬಿದ್ದರೆ ಓದು ಹೋಗುತ್ತದೆ. ಚಪ್ಪರದ ಎಲೆ ತುಂಬಿದಾಗ ನೆರಳಿರುತ್ತದೆ. ಏಪ್ರಿಲ್ ಚಾಟ್ನಿ (ಬಳ್ಳಿ ಸವರುವುದು) ಮತ್ತು ಅಕ್ಟೋಬರ್ ಚಾಟ್ನಿ ಆದ ಮೇಲೆ ಎಲೆ ಇರದು, ಕಾಣುವುದು ಕಾಂಡ ಮತ್ತು ಕಂಬ ಮಾತ್ರ. ಸಾಲು ಪೂರ್ವ ಪಶ್ಚಿಮ ಇದ್ದರೆ ಬೆಳಗ್ಗೆ ಸಂಜೆ ಸೂರ್ಯ ಎದುರಿಗೇ ಬರುತ್ತಾನೆ. ಬಜೆಟ್ ಇದ್ದರೆ ಟೈಮ್ ಆಫ್ ಫ್ಲೈಟ್ (ಬೆಳಕು ಹೋಗಿಬರುವ ಸಮಯ ಅಳೆಯುವ) ಮಾದರಿಯ ಲೈಡಾರ್ ಒಳ್ಳೆಯದು.

ವಿಳಂಬ ಇಳಿಸಲು ಎ1 ಅನ್ನೇ 10 ಹರ್ಟ್ಸ್‌ಗೆ ಓಡಿಸುವ ಯೋಚನೆ ಬಂದರೆ, ಮೋಟಾರ್ ನಿಯಂತ್ರಣ ಪಿನ್‌ಗೆ ಹೊರಗಿನಿಂದ ಪಿಡಬ್ಲ್ಯೂಎಂ (ವೇಗ ನಿಯಂತ್ರಿಸುವ ಪಲ್ಸ್ ಸಿಗ್ನಲ್) ಕೊಡಬೇಕು. ಅದಕ್ಕೆ ಬೆಲೆಯೂ ಇದೆ: ಸೆಕೆಂಡಿಗೆ 8000 ಬಿಂದುಗಳ ಮೋಡ್‌ನಲ್ಲಿ 5.5 ಹರ್ಟ್ಸ್‌ಗೆ ಕಿರಣಗಳ ನಡುವೆ 0.25 ಡಿಗ್ರಿ, 10 ಹರ್ಟ್ಸ್‌ಗೆ 0.45. ನಾಲ್ಕು ಮೀಟರ್ ದೂರದ 6 ಸೆಂ.ಮೀ. ದಪ್ಪದ ಕಾಂಡಕ್ಕೆ ಮೂರು ಬಿಂದು ಬೀಳುತ್ತಿದ್ದದ್ದು ಎರಡಕ್ಕೆ ಇಳಿಯುತ್ತದೆ. ಚಾಟ್ನಿ ಆದ ತೋಟದಲ್ಲಿ ಒಂಟಿ ಬಿಂದುಗಳನ್ನು ನಾಯ್ಸ್ ಎಂದು ಬಿಸಾಡುವ ಫಿಲ್ಟರ್ ಇದ್ದರೆ ದೂರದ ಕಾಂಡಗಳು ಅದರಲ್ಲೇ ಹೋಗುತ್ತವೆ. ಗೈರೋ ಮುಂದೂಡಿಕೆ ಇರುವಾಗ 5.5ರಲ್ಲೇ ಉಳಿಯಿರಿ.